ಬ್ಯಾಟರಿಗಿಂತ ಮೊದಲು ಬಿಸಿಯಾದವಳು

ಸ್ನೇಹಿತರೇ, ನನ್ನ ಹೊಚ್ಚ ಹೊಸ, ಮುದ್ದಿನ ಗಂಡನನ್ನು ಇವತ್ತು ಸೋಪಿನ ನೊರೆ ಸಮೇತ ಬೀದಿಗೆ ಇಳಿಸಿದೆ.

ಬ್ಯಾಟರಿ ಮಿತಿಮೀರಿ ಕಾಯುವ ಮೊದಲು ಸಣ್ಣಗೆ ಆವಿ ಬಿಡುತ್ತದೆ. ಅದನ್ನು ಹಿಡಿದು ಕೂಗುವ ಸೆನ್ಸರ್ ತಯಾರಿಸುವುದೇ ನನ್ನ ಕೆಲಸ. ಕುಂದಲಹಳ್ಳಿಯ ನಮ್ಮ ಬಾಡಿಗೆ ಮನೆಯೊಳಗೆ ಸ್ಕೂಟರ್ ಬ್ಯಾಟರಿ ಚಾರ್ಜ್ ಮಾಡಲು ಓನರ್ ಗೌರಮ್ಮ ಒಪ್ಪಿದ್ದೂ ಆ ಸೆನ್ಸರನ್ನು ನಂಬಿಯೇ.

ಬೆಳಿಗ್ಗೆ ಅದು ಕೂಗಿತು. ಪ್ಲಗ್ ಕಿತ್ತು, "ಎಲ್ಲರೂ ಕೆಳಗೆ ಇಳೀರಿ" ಎಂದು ಕಿರುಚಿ ಇಡೀ ಕಟ್ಟಡ ಖಾಲಿ ಮಾಡಿಸಿದೆ. ಗಂಡ ಟವೆಲ್ ಹಿಡಿದು ನಿಂತ. ಗೌರಮ್ಮ ಅವರೆಕಾಯಿಯ ಮೊರದೊಂದಿಗೆ ಬಂದರು.

ಎಷ್ಟು ಕಾದರೂ ಹೊಗೆ ಬರಲಿಲ್ಲ. ಮೆಲ್ಲಗೆ ಹೋಗಿ ನೋಡಿದರೆ ಬ್ಯಾಟರಿ ತಣ್ಣಗಿದೆ, ಉಬ್ಬಿಯೂ ಇಲ್ಲ. ಸೆನ್ಸರಿನ ಪಕ್ಕದಲ್ಲಿ ನನ್ನ ನೇಲ್ ಪಾಲಿಶ್ ರಿಮೂವರ್ ಬಾಯಿ ತೆರೆದು ಕೂತಿದೆ. ಅದರ ಆವಿಗೂ ನಮ್ಮ ಸೆನ್ಸರ್ ಕೂಗುತ್ತದೆ. ಹತ್ತಿರ ಇಡಬೇಡಿ ಎಂದು ಕೈಪಿಡಿಯಲ್ಲಿ ಬರೆದವಳು ನಾನೇ.

ಕೆಳಗಿಳಿದು ಒಪ್ಪಿಕೊಂಡೆ. ಇನ್ನು ಚಾರ್ಜಿಂಗ್ ಬಂದ್ ಎಂದುಕೊಂಡೆ.

"ಆಂಟಿ, ಬ್ಯಾಟರಿಗೆ ಏನೂ ಆಗಿಲ್ಲ" ಎಂದ ಗಂಡ, ನಡುಗುತ್ತಾ.

ಗೌರಮ್ಮ ಯೋಚಿಸಿ ಹೇಳಿದರು: "ಬ್ಯಾಟ್ರಿ ಒಳಗೇ ಇರ್ಲಿ ಕಣಪ್ಪ, ಪಾಪ, ಅದೇನ್ ಮಾಡ್ತು? ಉಗುರಿಗೆ ಅಚ್ಚೋದು ಒರ್ಸೋದು ಇದ್ರೆ ಇವಳು ಆಚೆ ಕೂತ್ಕಳ್ಲಿ."

ಹಾಗಾಗಿ ಅರ್ಧ ಬಣ್ಣದ ಉಗುರುಗಳೊಂದಿಗೆ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬ್ಯಾಟರಿ ಒಳಗೆ ಫ್ಯಾನಿನ ಕೆಳಗೆ ಹಾಯಾಗಿದೆ.