ಮುಂದೆ ಜಾಗ ಐತೆ

ಅವರೆಕಾಯಿ ಕಾಲದಲ್ಲಿ ನಾನು ಜಪಸರ ಮುಟ್ಟುವುದು ಕಡಿಮೆ. ನೆನೆಸಿದ ಕಾಳನ್ನು ಮೊರದಲ್ಲಿ ಹರವಿಕೊಂಡು ಜಗಲಿಯಲ್ಲಿ ಕೂತರೆ, ಹತ್ತು ಕಾಳು ಹಿತಕಿ ಸಿಪ್ಪೆ ಬಿಡಿಸುವಷ್ಟರಲ್ಲಿ ಒಂದು ನಮೋ ಮರಿಯ ಪ್ರಾರ್ಥನೆ ಮುಗಿಯುತ್ತದೆ. ಹತ್ತು ಪ್ರಾರ್ಥನೆಗೆ ಒಂದು ಸುತ್ತು. ಹೀಗೆ ಐದು ಸುತ್ತು ಹೇಳಿಕೊಂಡರೆ ಸಾರಿಗೂ ಆಯಿತು, ಆತ್ಮಕ್ಕೂ ಆಯಿತು. ಹುಳುಕು ಕಾಳು ಬಂದರೆ ಎಸೆಯುತ್ತೇನೆ. ಅದರ ಪಾಲಿನ ಪ್ರಾರ್ಥನೆಯನ್ನು ದೇವರು ಎಸೆಯಲಾರ ಎಂದು ನಂಬಿದ್ದೇನೆ.

ಆ ದಿನ ಮೂರನೆಯ ಸುತ್ತಿನಲ್ಲಿದ್ದೆ. ಪಕ್ಕದ ಮನೆಯ ಅಕ್ಕ, ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ನನ್ನ ಪ್ರಾರ್ಥನೆಗೆ ಅಡ್ಡಿಯಾಗದಂತೆ ಸಣ್ಣ ದನಿಯಲ್ಲಿ ಊರಿನ ಸುದ್ದಿ ಹೇಳುತ್ತ, ನನಗಿಂತ ಬೇಗ ಬೇಗ ಹಿತಕುತ್ತಿದ್ದಳು. ಅಷ್ಟರಲ್ಲಿ ನಮ್ಮ ಚರ್ಚಿನ ಉಪದೇಶಿಯ ಮೊಪೆಡ್ ಅಂಗಳಕ್ಕೆ ಬಂತು. ಮಕ್ಕಳಿಗೆ ಧರ್ಮಪಾಠ ಹೇಳುವುದು, ಗಂಟೆ ಹೊಡೆಯುವುದು, ಯಾರಿಗೂ ಹೇಳಲು ಇಷ್ಟವಿಲ್ಲದ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವುದು ಎಲ್ಲವೂ ಆತನದೇ ಕೆಲಸ. ಇಳಿದವನೇ ನನ್ನ ಕಡೆ ತಿರುಗಿದ.

"ಅಕ್ಕ, ರೋಡು ಅಗಲ ಮಾಡ್ತಾರಲ್ಲ, ನಮ್ಮ ಸಮಾಧಿ ಜಾಗದಲ್ಲಿ ಮುಂದಿನ ಸಾಲು ಹೋಗ್ತೈತೆ. ನಿಮ್ ಮನೆಯೋರನ್ನ ಹಿಂದಕ್ಕೆ ಸರಿಸ್ಬೇಕು. ಜಾಸ್ತಿಯೇನಿಲ್ಲ, ಇಪ್ಪತ್ತು ಅಡಿ."

ಬೆರಳಿನಿಂದ ಚಿಮ್ಮಿದ ಕಾಳು ಅಕ್ಕನ ಮಡಿಲಿಗೆ ಬಿತ್ತು.

"ಪಕ್ಕದ ಜಾಗ?" ಎಂದೆ.

"ಯಾವ ಪಕ್ಕದ ಜಾಗ?"

"ನನ್ನದು."

ಆತ ಜೇಬಿನಿಂದ ಕಾಗದ ತೆಗೆದು ನೋಡಿದ. ನೋಡುವ ಅಗತ್ಯವಿರಲಿಲ್ಲ, ನನ್ನ ಮುಖ ನೋಡುವುದಕ್ಕಿಂತ ಕಾಗದ ನೋಡುವುದು ಸುಲಭ ಅನಿಸಿರಬೇಕು. "ಹಿಂದ್ಗಡೆ ಒಂದೇ ಸಾಲಿಗೆ ಜಾಗ ಇರೋದು ಅಕ್ಕ. ಒತ್ತೊತ್ತಾಗಿ ಇಡ್ಬೇಕು. ಲಿಸ್ಟಲ್ಲಿ ಸತ್ತೋರ ಹೆಸರು ಮಾತ್ರ ಐತೆ."

"ಹಂಗಾರೆ ಇವಳ ಹೆಸರು ಸೇರ್ಬೇಕು ಅಂದ್ರೆ ಯಾವತ್ತು ಕಡೇ ದಿನ ಕಣಪ್ಪ?" ಎಂದು ಅಕ್ಕ ಕೇಳಿದಳು.

"ಸಂಕ್ರಾಂತಿ ಕಳೆದ ಶನಿವಾರ ಕೆಲಸ ಶುರು," ಎಂದು ಆತ ಗಂಭೀರವಾಗಿ ಉತ್ತರ ಕೊಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡು ಮೊಪೆಡ್ ಹತ್ತಿದ.

ಆತ ಹೋದ ಮೇಲೆ ಅಕ್ಕ ನನ್ನನ್ನು ಸಮಾಧಾನ ಮಾಡಿದ್ದು ಹೀಗೆ: "ಇದಕ್ಕೇ ಕಣೆ ನಮ್ಮಲ್ಲಿ ಕೂರಿಸಿ ಮಣ್ಣು ಮಾಡೋದು. ನಮ್ದು ಸೀಟು. ನೀವು ಸ್ಲೀಪರ್ ಬೇಕು ಅಂತೀರ, ಜಾಗ ಎಲ್ಲಿಂದ ತರ್ತಾರೆ ಅವ್ರು?"

ನಗು ಬಂದರೂ ನಗಲಿಲ್ಲ. ಆ ಜಾಗದ ವಿಷಯದಲ್ಲಿ ನಾನು ನಾಲ್ಕು ವರ್ಷದಿಂದ ನಗುವುದನ್ನು ಬಿಟ್ಟಿದ್ದೆ.

ನಮ್ಮ ಮನೆಯವರು ಬಸ್ ಕಂಡಕ್ಟರ್ ಆಗಿದ್ದರು. ಸಕಲೇಶಪುರದಿಂದ ಮಾರನಹಳ್ಳಿ ಕಡೆಗೆ ಹೋಗುವ ಬಸ್ಸು. ಜೀವಮಾನವಿಡೀ ಅವರು ಅತಿ ಹೆಚ್ಚು ಆಡಿದ ಮಾತು, "ಮುಂದೆ ಹೋಗ್ರಿ, ಮುಂದೆ ಜಾಗ ಐತೆ." ಮುಂದೆ ಕಾಲಿಡಲೂ ತೆರಪಿಲ್ಲದಾಗಲೂ ಹಾಗೆಯೇ ಹೇಳುತ್ತಿದ್ದರು. ಸುಳ್ಳಲ್ಲವಾ ಎಂದು ನಾನು ಕೇಳಿದರೆ, "ಸುಳ್ಳಲ್ಲ ಕಣೆ, ಹೋದ್ರೆ ಆಗ್ತೈತೆ," ಎನ್ನುತ್ತಿದ್ದರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಟವೆಲ್ಲಿಗೆ ಟಿಕೆಟ್ ತಗೊಂಡಿದೀಯೇನಪ್ಪ?" ಎಂದು ಎತ್ತಿ ಮಾಲೀಕನ ಹೆಗಲಿಗೇ ಹಾಕಿ, ನಿಂತಿದ್ದ ಬಸುರಿಯನ್ನೋ ಮುದುಕಿಯನ್ನೋ ಅಲ್ಲಿ ಕೂರಿಸುತ್ತಿದ್ದರು. ಆನೇಮಹಲಿನಿಂದ ಮಾರನಹಳ್ಳಿವರೆಗಿನ ರಸ್ತೆಯನ್ನು ಬೈಯದ ದಿನವಿರಲಿಲ್ಲ. "ಈ ರೋಡು ಆಗೋದ್ರೊಳಗೆ ನಾನು ಹೋಗ್ಬುಡ್ತೀನಿ," ಎನ್ನುತ್ತಿದ್ದರು. ಅದೊಂದು ಮಾತನ್ನು ನಡೆಸಿಕೊಟ್ಟರು. ಡ್ಯೂಟಿ ಮುಗಿಸಿ ಬಂದು, ಶೂ ಬಿಚ್ಚಲು ಬಾಗಿದವರು ಹಾಗೆಯೇ ಬಾಗಿಕೊಂಡು ಹೋದರು. ಒಂದು ಶೂ ಬಿಚ್ಚಿತ್ತು. ನರಳಲಿಲ್ಲ, ಅದನ್ನು ಒಂದು ಕೃಪೆ ಎಂದು ಎಣಿಸಿಕೊಂಡಿದ್ದೇನೆ. ಮನೆಗೆ ಬಂದ ಮೇಲೆ ಹೋದರು, ಅದು ಎರಡನೆಯದು.

ಮೂರನೆಯದು ಆ ಜಾಗ. ಮಣ್ಣು ಮಾಡಿದ ದಿನವೇ ಆಗಿನ ಫಾದರ್ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿ ಪಕ್ಕದ ಆರಡಿ ಉಳಿಸಿಕೊಂಡೆ. ಸುತ್ತ ಬಿಳಿ ಕಲ್ಲು ಇಟ್ಟೆ, ಕನಕಾಂಬರ ನೆಟ್ಟೆ. ಭಾನುವಾರ ಪೂಜೆ ಮುಗಿದ ಮೇಲೆ ಕೊಡೆ ಬಿಡಿಸಿಕೊಂಡು ಅಲ್ಲಿ ಹೋಗಿ ಕೂರುತ್ತಿದ್ದೆ. ಎಲ್ಲರೂ ಹೇಳಿದರು: ನಾದಿನಿ ಹೇಳಿದಳು, ಫಾದರ್ ಪ್ರಸಂಗದಲ್ಲಿ ಹೇಳಿದರು, ದೇವರ ಮೇಲೆ ಭಾರ ಹಾಕಿ ಮುಂದೆ ಹೋಗಬೇಕು ಎಂದು. ದೇವರ ಮೇಲೆ ಭಾರ ಹಾಕಿಯೇ ಇದ್ದೆ. ಮುಂದೆ ಎಲ್ಲಿಗೆ ಹೋಗಬೇಕೆಂದು ಮಾತ್ರ ತಿಳಿಯಲಿಲ್ಲ. ಬಸ್ಸಂತೂ ಹತ್ತಲಿಲ್ಲ, ಬೇರೆಯವರು ಟಿಕೆಟ್ ಕೇಳುವುದನ್ನು ಕೇಳಲಾರೆ ಅನಿಸುತ್ತಿತ್ತು. ಆಲೂರಿನಲ್ಲಿರುವ ಮಗಳು ಕರೆದಾಗಲೆಲ್ಲ ನನಗೆ ಮಂಡಿ ನೋವು ಬರುತ್ತಿತ್ತು. ಮೊಮ್ಮಗಳ ದೀಕ್ಷಾಸ್ನಾನಕ್ಕೂ ಬಂತು. ಎರಡೂವರೆ ವರ್ಷದ ಆ ಮಗು ಫೋನಿನಲ್ಲಿ, "ಅಜ್ಜಿ ಫೋನೊಳಗೆ ಇರೋದು," ಎಂದು ಯಾರಿಗೋ ಹೇಳಿದ್ದು ನನಗೇ ಕೇಳಿಸಿತ್ತು.

ಸುದ್ದಿ ಬಂದ ಮರುದಿನ ಜಗಳಕ್ಕೆಂದೇ ಚರ್ಚಿಗೆ ಹೋದೆ. ಈಗಿನ ಫಾದರ್ ನನ್ನ ಮಗಳಿಗಿಂತ ಚಿಕ್ಕವರು. ಕುರ್ಚಿ ಎಳೆದು ಕೂರಿಸಿ, ಪೂರ್ತಿ ಕೇಳಿಸಿಕೊಂಡರು.

"ಫಾದರ್, ಕಡೆಯ ದಿನ ಎಲ್ಲರೂ ಎದ್ದಾಗ ಅವರ ಪಕ್ಕದಲ್ಲಿ ನಾನಿಲ್ಲದೆ ಹೋದರೆ?"

"ಅಮ್ಮಾ, ಸಾವನ್ನೇ ಗೆದ್ದು ಎದ್ದು ಬಂದವರು ಇಪ್ಪತ್ತು ಅಡಿ ನಡೆಯಲಾರರಾ?"

ನಮ್ಮ ಮನೆಯವರಿಗೆ ಶೂ ಹಾಕಿ ನಿಂತು ನಿಂತು ಹಿಮ್ಮಡಿ ನೋವಿತ್ತು ಎಂದೆ. ಫಾದರ್ ನಗಲಿಲ್ಲ. ನಗದೆ ಇದ್ದುದಕ್ಕೆ ಅವರ ಮೇಲೆ ಗೌರವ ಹೆಚ್ಚಿತು.

ಮನೆಗೆ ನಡೆದು ಬರುವಾಗ ಒಂದು ವಿಷಯ ಮುಳ್ಳಿನಂತೆ ಚುಚ್ಚಿತು. ಸತ್ತವರು ಎದ್ದು ಬರುತ್ತಾರೆಂದು ನಂಬುತ್ತೇನೆ ಅಂತ ಪ್ರತಿ ಭಾನುವಾರ ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವಳು ನಾನು. ಆದರೆ ಆ ಮಾತಿಗಿಂತ ಹೆಚ್ಚಾಗಿ ನಾನು ನಂಬಿದ್ದು ಆರಡಿ ಮಣ್ಣನ್ನು, ನಾಲ್ಕು ಬಿಳಿ ಕಲ್ಲನ್ನು. ಟವೆಲ್ ಹಾಕುವವರನ್ನು ಕಂಡರೆ ಆಗದ ಮನುಷ್ಯನ ಪಕ್ಕದಲ್ಲೇ ನಾಲ್ಕು ವರ್ಷ ಟವೆಲ್ ಹಾಕಿಕೊಂಡು ಕೂತಿದ್ದೆ.

ಸಂಕ್ರಾಂತಿ ಕಳೆದ ಶನಿವಾರ ಬೆಳಿಗ್ಗೆ ಮಂಜು ಬಿಡುವ ಮೊದಲೇ ಸಮಾಧಿ ಜಾಗಕ್ಕೆ ಹೋದೆ. ಅಕ್ಕ ಜೊತೆಗೆ ಬಂದಳು, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಕೆಲಸದವರು ಮರ್ಯಾದೆಯಿಂದ ಅಗೆದರು. ಬಟ್ಟೆ ಅಡ್ಡ ಹಿಡಿದಿದ್ದರು, ನೋಡಬಾರದ್ದನ್ನು ನಾನು ನೋಡಲಿಲ್ಲ. ಹೊಸ ಪೆಟ್ಟಿಗೆ ತೀರ ಚಿಕ್ಕದಾಗಿತ್ತು. ಬಸ್ಸಿನ ಬಾಗಿಲು ತುಂಬುವಂತೆ ನಿಲ್ಲುತ್ತಿದ್ದ ಮನುಷ್ಯ. ನನ್ನ ಕಾಲು ಹೋಗಿ ಹೋಗಿ ಅದೇ ಬಿಳಿ ಕಲ್ಲಿನ ನಡುವೆ ನಿಂತಿತ್ತು, ಹಿಂದಕ್ಕೆ ಹೋಗುವ ದಾರಿಗೆ ಸರಿಯಾಗಿ ಅಡ್ಡ.

ಪೆಟ್ಟಿಗೆ ಎತ್ತಿಕೊಂಡ ಇಬ್ಬರಲ್ಲಿ ಒಬ್ಬ, ನನ್ನನ್ನಾಗಲಿ ನನ್ನ ಕಥೆಯನ್ನಾಗಲಿ ಕಂಡರಿಯದವನು, ಅಗೆದ ಮಣ್ಣಿನಲ್ಲಿ ಕಾಲು ಜಾರದಂತೆ ಊರುತ್ತ ಹೇಳಿದ:

"ಅಕ್ಕಾ, ಒಸಿ ಮುಂದೆ ಹೋಗ್ರಿ. ಮುಂದೆ ಜಾಗ ಐತೆ."

ನನಗೆ ನಗು ಉಕ್ಕಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ, ಭುಜ ಕುಲುಕಿತು. ಅಲ್ಲಿ ಸೇರಿದ್ದ ಹೆಂಗಸರು ಬಂದು ಹಿಡಿದುಕೊಂಡರು. "ಅತ್ತುಬಿಡವ್ವ, ಅತ್ತುಬಿಡು," ಎಂದು ಒಬ್ಬಾಕೆ ತಾನೇ ಅತ್ತಳು. ಅಕ್ಕ ಮಾತ್ರ ನನ್ನ ಕಣ್ಣು ನೋಡಿ, ಕಿವಿಯ ಹತ್ತಿರ ಬಂದು, "ಕಂಡಕ್ಟ್ರು ಇನ್ನೂ ಡ್ಯೂಟಿಲೇ ಅವ್ರೆ ಕಣೆ," ಎಂದಳು. ಆಮೇಲೆ ನಿಜವಾಗಿಯೂ ಅತ್ತೆ.

ಮುಂದೆ ಹೋದೆ. ನಾಲ್ಕೇ ಹೆಜ್ಜೆ. ಜಾಗ ಇತ್ತು.

ಫಾದರ್ ಪ್ರಾರ್ಥನೆ ಹೇಳಿದರು. ನಾಲ್ಕು ವರ್ಷದ ಹಿಂದೆ ಇದೇ ಪ್ರಾರ್ಥನೆಯ ಕೊನೆಗೆ ಎಲ್ಲರೂ ಆಮೆನ್ ಎಂದಾಗ ನಾನು ತುಟಿ ಬಿಗಿದುಕೊಂಡಿದ್ದೆ; ಅದು ದೇವರಿಗೂ ನನಗೂ ಮಾತ್ರ ಗೊತ್ತಿದ್ದ ವಿಷಯ. ಈ ಸಲ ಹೇಳಿದೆ. ಒಂದೇ ಗಂಡನನ್ನು ಎರಡು ಸಲ ಮಣ್ಣು ಮಾಡಿದ ಮೇಲೆ ಹೇಳಿದ ಆಮೆನ್, ತಡವಾಯಿತೆಂದು ದೇವರು ಬೇಸರಿಸಿರಲಾರ. ಹೊಸ ಸಾಲಿನಲ್ಲಿ ನಮ್ಮ ಮನೆಯವರ ಎಡಕ್ಕೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ಒಬ್ಬ ಮುದುಕ ರೈಟರ್ ಬಂದರು, ಬಲಕ್ಕೆ ಯಾರದೋ ಅಜ್ಜಿ. ಅಜ್ಜಿಗೆ ಸೀಟು ಸಿಕ್ಕಿತಲ್ಲ ಎಂದು ಅವರಿಗೆ ಸಂತೋಷವೇ ಆಗಿರಬೇಕು. ಕನಕಾಂಬರದ ಗಿಡವನ್ನು ಬೇರು ಸಮೇತ ಕಿತ್ತು ತಂದು ಅಕ್ಕನ ಹಿತ್ತಲಿನಲ್ಲಿ ನೆಟ್ಟೆವು. ನನ್ನ ಜಾಗದಲ್ಲಿ ನಾಳೆ ಬಸ್ಸುಗಳು ಓಡುತ್ತವೆ.

ಮನೆಗೆ ಬಂದು ಸ್ನಾನ ಮಾಡಿ, ಮಗಳಿಗೆ ಫೋನ್ ಮಾಡಿದೆ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದೆ.

"ಮಂಡಿ ನೋವು?" ಎಂದಳು, ತಂದೆಯದೇ ಕೊಂಕು.

"ಐತೆ. ಜೊತೇಲೇ ಕರ್ಕೊಂಡು ಬರ್ತೀನಿ. ಅದಕ್ಕೆ ಬೇರೆ ಟಿಕೆಟ್ ಕೇಳಲ್ಲ."

ಬರಿಗೈಯಲ್ಲಿ ಹೋಗುವುದು ಹೇಗೆ? ಮಗುವಿಗೆ ಹಿತಕಿದ ಬೇಳೆಯ ಸಾರು ಇಷ್ಟವಂತೆ. ಅಂದು ಬೆಳಿಗ್ಗೆ ಸಮಾಧಿ ಜಾಗಕ್ಕೆ ಹೊರಡುವ ಮುನ್ನ ನೆನೆಸಿಟ್ಟಿದ್ದ ಅವರೆಕಾಳು ಪಾತ್ರೆಯಲ್ಲಿ ಉಬ್ಬಿ ನಿಂತಿತ್ತು. ನೀರು ಬಸಿದು, ಮೊರ ತೆಗೆದುಕೊಂಡು, ಜಗಲಿಗೆ ಹೋಗಿ ಮೊದಲನೆಯ ಕಾಳು ಹಿತಕಿದೆ.