ಇನ್ನೂರೈವತ್ತಾರು ಬಿಟ್‌ನ ಬೀಗ

ಗಂಗಾವತಿಯ ಫೋಟೊ ಸ್ಟುಡಿಯೊದಲ್ಲಿ ನಾನು ಕೆಲಸಕ್ಕಿದ್ದಾಗ ನಮ್ಮ ಮಾಲೀಕರಿಗೆ ಒಂದೇ ಭಯ. ಮದುವೆ ಫೋಟೊಗಳಿರುವ ಹಾರ್ಡ್‌ಡಿಸ್ಕ್ ಯಾರದಾದರೂ ಕೈಗೆ ಸಿಕ್ಕು, ಹೆಣ್ಣುಮಕ್ಕಳ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋದರೆ? ವಿಡಿಯೊ ನೋಡಿಯೇ ಕಂಪ್ಯೂಟರ್ ಕಲಿತ ನನಗೆ ಇಂಥದೇ ಬೇಕಾಗಿತ್ತು. ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಹಾಕುತ್ತೇನೆ ಎಂದೆ.

ಆ ಬೀಗದ ಕೀಲಿಗೆ ಎರಡು ಅಳತೆ: ನೂರಿಪ್ಪತ್ತೆಂಟು ಬಿಟ್, ಇನ್ನೂರೈವತ್ತಾರು ಬಿಟ್. ಮೂರು ದಿನ ವಿಡಿಯೊ ನೋಡಿದೆ. ಸಣ್ಣದೇ ಸಾಕು ಎಂದವರ ವಿಡಿಯೊಗಳನ್ನು ಅರ್ಧಕ್ಕೇ ಮುಚ್ಚಿದೆ.

“ಸಣ್ಣದು ಹಾಕಿದ್ರ ಏನಾಕ್ಕೈತಿ?” ಮಾಲೀಕರು ಕೇಳಿದರು.

“ಏನೂ ಆಗಂಗಿಲ್ರಿ ಅಣ್ಣಾರ. ಅದನ್ನೂ ಯಾರೂ ಒಡಿಯಾಕ ಆಗಂಗಿಲ್ಲ.”

“ಮತ್ತ ದೊಡ್ಡದ್ಯಾಕೋ ತಮ್ಮಾ?”

“ದೊಡ್ಡದು ದೊಡ್ಡದ ಅಲ್ಲೇನ್ರಿ!”

ದೊಡ್ಡದನ್ನೇ ಹಾಕಿದೆ. ಪಾಸ್‌ವರ್ಡನ್ನು ಮಾಲೀಕರೇ ಒತ್ತಲಿ ಎಂದು ಬೆನ್ನು ತಿರುಗಿಸಿ ನಿಂತೆ. ಸುರಕ್ಷತೆಗೆಂದು ಸ್ಟುಡಿಯೊದ ಹೆಸರು, ನಂಬರಿದ್ದ ಸ್ಟಿಕ್ಕರನ್ನೂ ಕೆರೆದು ತೆಗೆದೆ. ಅಮಾವಾಸ್ಯೆಗೆ ಕ್ಯಾಮೆರಾಗಳ ಜತೆ ಡಿಸ್ಕಿಗೂ ಪೂಜೆಯಾಯಿತು. ಮಾಲೀಕರು ಅದಕ್ಕೆ ಭಂಡಾರದ ಅರಿಸಿನ ಹಚ್ಚಿ, ಹುಲಿಗಿಯ ದೇವಿಯ ಗುಡಿಯಿಂದ ತಂದ ದಾರ ಸುತ್ತಿದರು.

ಮರುವಾರ ಯಲಬುರ್ಗಾದ ಒಂದು ಮದುವೆಯ ಫೋಟೊಗಳನ್ನು ಆಲ್ಬಮ್ ಮಾಡುವವರಿಗೆ ಕೊಡಲು ಕುಷ್ಟಗಿಗೆ ಹೊರಟೆ. ಪಾಸ್‌ವರ್ಡನ್ನು ಮಾಲೀಕರೇ ಅವರಿಗೆ ಫೋನಿನಲ್ಲಿ ಹೇಳುವವರಿದ್ದರು. ಬಸ್ಸಿನಲ್ಲಿ ಪಕ್ಕದವರಿಗೆ ಬಿಟ್‌ಗಳ ಮಹಿಮೆ ಹೇಳುತ್ತಾ ಹೇಳುತ್ತಾ, ಡಿಸ್ಕನ್ನು ಸೀಟಿನ ಮೇಲೇ ಬಿಟ್ಟು ಇಳಿದೆ. ಆ ಫೋಟೊಗಳ ಬೇರೆ ಪ್ರತಿ ಇರಲಿಲ್ಲ.

ಮಾಲೀಕರು ಬೈಯಲಿಲ್ಲ. “ಆ ಹುಡುಗಿ ಮದಿವಿ ಇನ್ನೊಮ್ಮಿ ಮಾಡಾಕ ಬರ್ತೈತೇನು?” ಎಂದಷ್ಟೇ ಕೇಳಿದರು.

“ಯಾರಿಗೂ ತೆಗಿಯಾಕ ಬರಂಗಿಲ್ರಿ” ಎಂದೆ. ಹಾಗೆನ್ನುವಾಗಲೇ ಹೊಳೆಯಿತು: ಸ್ಟಿಕ್ಕರ್ ಇಲ್ಲದ ಡಿಸ್ಕ್ ಯಾರದೆಂದು ತಿಳಿಯಬೇಕಾದರೆ ಅದನ್ನು ತೆಗೆಯಲೇಬೇಕು.

ಮರುದಿನ ಕುಷ್ಟಗಿ ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಯ ಅಕ್ಕ ಫೋನ್ ಮಾಡಿದರು. ಬಸ್ಸಿನ ಕಂಡಕ್ಟರ್ ಡಿಸ್ಕನ್ನು ಈ ಅಕ್ಕನ ಕೈಗೆ ಕೊಟ್ಟಿದ್ದನಂತೆ. ಒಳಗಿನ ಫೋಟೊದ ಮೂಲೆಯಲ್ಲಿ ನಮ್ಮ ನಂಬರ್ ಸಿಕ್ಕಿತಂತೆ. ಇಬ್ಬರೂ ಓಡಿದೆವು.

“ಹೆಂಗ ತೆಗದ್ರಿ ಅಕ್ಕಾರ? ಇನ್ನೂರೈವತ್ತಾರು ಬಿಟ್ ಐತ್ರಿ ಅದು!”

“ಎಷ್ಟರ ಇರ್ಲಪಾ. ಹುಲಿಗಿ ದಾರ ಕಟ್ಟೀರಿ, ಭಂಡಾರ ಹಚ್ಚೀರಿ. ಹುಲಿಗೆಮ್ಮ ಅಂತ ಒತ್ತಿದ್ನಿ, ತೆರೀತು. ಒಂದ ಫೋಟೊ ನೋಡಿ, ನಂಬರ್ ಬರ್ಕೊಂಡು ಮುಚ್ಚೀನಿ.”

ಮಾಲೀಕರು ಕೈ ಮುಗಿದರು. ಅಕ್ಕನಿಗೋ, ದಾರಕ್ಕೋ, ತಿಳಿಯಲಿಲ್ಲ.

ಸ್ಟುಡಿಯೊಗೆ ಬಂದು ಸ್ಟಿಕ್ಕರ್ ಮತ್ತೆ ಅಂಟಿಸಿದೆ. ಯಾರೂ ಊಹಿಸಲಾಗದ ಪಾಸ್‌ವರ್ಡ್ ಹಾಕಿರೆಂದು ಬೇಡಿಕೊಂಡು, ಮತ್ತೆ ಬೆನ್ನು ತಿರುಗಿಸಿ ನಿಂತೆ. ಈ ಸಲ ಕೀಗಳ ಸದ್ದು ಎಣಿಸಿದೆ. ದೇವಿಯ ಹೆಸರಿಗೆ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ. ಎಂಟರ್ ಒತ್ತುವ ಮೊದಲು ಹತ್ತು ಸಲ ಸದ್ದಾಯಿತು.

“ಈಗ ಭಾರಿ ಗಟ್ಟಿ ಮಾಡೀನಿ, ತಮ್ಮಾ” ಎಂದರು ಮಾಲೀಕರು.