ಮುರಿದ ಕಂಬವನ್ನು ಮತ್ತೆ ಮುರಿಯುವ ಯಾದವ

ಬೆಳಿಗ್ಗೆ ಐದೂವರೆ. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿರುವ ಖಾಸಗಿ ಪರೀಕ್ಷಾ ಶೆಡ್ಡಿನಲ್ಲಿ ಯಾದವ ಸಣ್ಣ ಸುತ್ತಿಗೆಯಿಂದ ಕಾಂಕ್ರೀಟ್ ಕಂಬವನ್ನು ತಟ್ಟುತ್ತಾ ಸುತ್ತು ಬರುತ್ತಿದ್ದಾರೆ. ಒಂದು ಕಡೆ ಸದ್ದು ಟೊಳ್ಳು. ಅಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾರೆ. "ಇಲ್ಲಿ ಅಂಟು ಒಳಗೆ ಹೋಗ್ಲಿಲ್ಲ. ಹೊರಗಿಂದ ನೋಡಿದ್ರೆ ಚಂದ ಉಂಟು."

ಇದು ಒಮ್ಮೆ ಮುರಿದ ಕಂಬ. ಬಿರುಕಿಗೆ ಅಂಟು ತುಂಬಿ, ಉಕ್ಕಿನ ಪಟ್ಟಿ ಸುತ್ತಿ ರಿಪೇರಿ ಮಾಡಿದ್ದಾರೆ. ಇವತ್ತು ಮೇಲಿಂದ ಕಟ್ಟಡದಷ್ಟು ಭಾರ ಹೇರಿ, ಭೂಕಂಪದಲ್ಲಿ ಅಲುಗಾಡುವಂತೆ ಜಾಕ್‌ನಿಂದ ಅತ್ತಿತ್ತ ತಳ್ಳಿ ಮತ್ತೆ ಮುರಿಯಬೇಕು. 1989ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರ ಭೂಕಂಪಕ್ಕೆ ನಡುಗಿದ ಮೇಲೆ ಶೆಡ್ಡಿಗೆ ಇಂಥ ಕೆಲಸ ಬರತೊಡಗಿತು. ಉಡುಪಿಯಲ್ಲಿ ಐಟಿಐ ಓದಿದ ಯಾದವ ಆರು ವರ್ಷಗಳಲ್ಲಿ ನಲವತ್ತಮೂರು ಕಂಬ ಬೀಳಿಸಿದ್ದಾರೆ. ಪ್ರತಿ ಸಲ ತಳ್ಳಿದಾಗಲೂ ಹೊಸ ಬಿರುಕು ಹುಡುಕಿ ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ.

"ನಮ್ಮ ಬಾತ್‌ರೂಮ್ ಗೋಡೆಯ ಬಿರುಕಿಗೆ ಮಾತ್ರ ಇವರಿಗೆ ಪುರ್ಸೊತ್ತಿಲ್ಲ," ಎಂದು ಮನೆಯಲ್ಲಿ ಹೆಂಡತಿ ಪ್ರೇಮಾವತಿ ಚುಚ್ಚುತ್ತಾರೆ.

"ಅದು ಬೀಳುದಿಲ್ಲ ಮಾರಾಯ್ತಿ."

ಕಂಬ ಕುಸಿದಾಗ ಮೇಲಿನ ಭಾರದ ತೊಲೆಯನ್ನು ಹಿಡಿಯಲು ಪಕ್ಕದಲ್ಲಿ ಉಕ್ಕಿನ ಆಸರೆ ನಿಲ್ಲಿಸುತ್ತಾರೆ. ತೊಲೆಗೂ ಆಸರೆಗೂ ನಡುವೆ ಎರಡು ಬೆರಳು ಜಾಗ ಬಿಡುವುದು ಯಾದವರ ಕೆಲಸ. ಹೋದ ಮಾರ್ಚ್‌ನಲ್ಲಿ ಒಂದು ಕಂಬ ಎಷ್ಟು ತಳ್ಳಿದರೂ ಬೀಳಲಿಲ್ಲ. ಪರೀಕ್ಷೆಯ ಹೊಣೆ ಹೊತ್ತಿದ್ದ, ಮೈಸೂರು ಮೂಲದ ಎಂಜಿನಿಯರ್ ಡಾ. ನಾರಾಯಣ ಎಲ್ಲರ ಕೈ ಕುಲುಕಿದರು. ಸಿಡ್ನಿಯ ಒಂದು ಫ್ಲ್ಯಾಟ್ ಕಟ್ಟಡದ ಕಂಬಗಳಿಗೂ ಇದೇ ರಿಪೇರಿ ಮಾಡುವುದಿತ್ತು. ಮೇಲೆ ಮೂವತ್ತಾರು ಮನೆಗಳು.

ಎಲ್ಲರೂ ಟೀಗೆ ಹೋದಾಗ ಯಾದವ ಆಸರೆಯ ತಲೆ ನೋಡಿದರು. ಬಣ್ಣ ಉಜ್ಜಿಹೋಗಿ ಉಕ್ಕು ಹೊಳೆಯುತ್ತಿತ್ತು. "ಭಾರ ಹೊತ್ತದ್ದು ಕಂಬ ಅಲ್ಲ, ಆಸರೆ. ಜಾಗ ಬಿಡ್ಲಿಕ್ಕೆ ನಾನೇ ಮರ್ತಿದ್ದೆ." ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಅವರ ಕಾಂಟ್ರ್ಯಾಕ್ಟ್ ರಿನ್ಯೂ ಆಗಬೇಕಿದ್ದದ್ದು ಅದೇ ವಾರ. ಯಾದವ ಟೀ ಕೋಣೆಗೆ ಹೋಗಿ ಎಲ್ಲರೆದುರೇ ಹೇಳಿದರು.

ಅಂಥದ್ದೇ ಇನ್ನೊಂದು ಕಂಬ ಎರಕ ಹೊಯ್ದು, ಮುರಿದು, ರಿಪೇರಿ ಮಾಡಲು ಮೂರು ತಿಂಗಳು ಹಿಡಿಯಿತು. ಈ ಸಲ ಅದು ಅರ್ಧ ದಾರಿಯಲ್ಲೇ ಕುಸಿಯಿತು. ಸಿಡ್ನಿಯ ಕೆಲಸ ತಡೆಹಿಡಿದು ಪಟ್ಟಿಗಳನ್ನು ದುಪ್ಪಟ್ಟು ಮಾಡಿದರು. ಯಾದವರಿಗೆ ಆ ಮಾರ್ಚ್‌ನಲ್ಲಿ ಕೊಟ್ಟದ್ದು ವರ್ಷದ ಬದಲು ಆರು ತಿಂಗಳ ಕಾಂಟ್ರ್ಯಾಕ್ಟ್.

ನೂರಹತ್ತು ಪುಟಗಳ ವರದಿಯಲ್ಲಿ ಅವರ ಹೆಸರು ಒಂದೇ ಕಡೆ ಇದೆ, ರದ್ದಾದ ಪರೀಕ್ಷೆಯ ಪುಟದಲ್ಲಿ. "ಅದನ್ನ ತೆಗೆದುಬಿಡೋಣ ಕಣ್ರೀ, ಯಾಕೆ ಸುಮ್ನೆ," ಎಂದು ನಾರಾಯಣ ಕೇಳಿದ್ದರಂತೆ.

"ಇರ್ಲಿ ಸರ್ ಅಂದೆ," ಎನ್ನುತ್ತಾರೆ ಯಾದವ. "ನನ್ನ ನಂತರ ಬರುವವ ಅದನ್ನು ಓದಿ, ಎರಡು ಬೆರಳು ಇಟ್ಟು ನೋಡಿದ್ರೆ ಸಾಕು."